ಮೊಬೈಲಿನ ಯಜಮಾನ ಯಾರು?

ಸ್ವಂತ ಹಣ ತೆತ್ತು ಕೊಂಡ ಮೊಬೈಲಿನಲ್ಲಿ ಯಾವ ತಂತ್ರಾಂಶ ಇರಬೇಕೆಂದು ತೀರ್ಮಾನಿಸುವವರು ಯಾರು? ಈ ಪ್ರಶ್ನೆ 2024ರ ಮಾರ್ಚ್ 1ರಂದು ನಮ್ಮ ದೇಶದ ಉದ್ಯಮಗಳ ಎದುರು ಧುತ್ತೆಂದು ನಿಂತಿತು. ಶುಲ್ಕದ ತಕರಾರಿನ ಕಾರಣಕ್ಕೆ ಗೂಗಲ್, ಭಾರತ್ ಮ್ಯಾಟ್ರಿಮನಿ, ನೌಕ್ರಿ ಮೊದಲಾದ ಆ್ಯಪ್‌ಗಳನ್ನು ತನ್ನ ಪ್ಲೇ ಸ್ಟೋರ್‌ನಿಂದ ತೆಗೆದುಹಾಕಿತು. ಕೇಂದ್ರ ಸರ್ಕಾರ ಮಧ್ಯಪ್ರವೇಶಿಸಿದ ಬಳಿಕ ಕೆಲವೇ ದಿನಗಳಲ್ಲಿ ಅವು ಮರಳಿದವು. ದೊಡ್ಡ ಉದ್ಯಮಗಳ ಮೊರೆ ಕೇಳಲು ಮಂತ್ರಿಗಳಿದ್ದರು. ಬಿಡುವಿನ ವೇಳೆಯಲ್ಲಿ ಕನ್ನಡದ ಕೀಲಿಮಣೆಯೊಂದನ್ನು ರೂಪಿಸಿ ಉಚಿತವಾಗಿ ಹಂಚುವ ತರುಣನಿಗೆ ಇದೇ ಗತಿ ಬಂದರೆ ಕೇಳುವವರು ಯಾರು?

ಪರ್ಯಾಯ ಮಳಿಗೆಗಳು ಇಲ್ಲವೆಂದಲ್ಲ. ಬೆಂಗಳೂರಿನ ಫೋನ್‌ಪೇ 2024ರ ಫೆಬ್ರುವರಿಯಲ್ಲಿ ಇಂಡಸ್ ಆ್ಯಪ್‌ಸ್ಟೋರ್ ತೆರೆಯಿತು. ಪೈಪೋಟಿಯ ದೃಷ್ಟಿಯಿಂದ ಅದು ಸ್ವಾಗತಾರ್ಹವೇ. ಆದರೆ ಮಾಲೀಕ ಬದಲಾದ ಮಾತ್ರಕ್ಕೆ ಗ್ರಾಹಕ ಸ್ವತಂತ್ರನಾಗುವುದಿಲ್ಲ. ಈ ದೃಷ್ಟಿಯಿಂದ ನನಗೆ ಹೆಚ್ಚು ಮಹತ್ವದ್ದೆನಿಸುವುದು 2010ರಲ್ಲಿ ಆರಂಭವಾದ ಎಫ್-ಡ್ರಾಯ್ಡ್. ಸ್ವಯಂಸೇವಕರು ನಡೆಸುವ ಈ ಮಳಿಗೆಯಲ್ಲಿ ಸ್ವತಂತ್ರ ತಂತ್ರಾಂಶಕ್ಕೆ ಮಾತ್ರ ಪ್ರವೇಶ. ಬಳಕೆದಾರ ಖಾತೆ ತೆರೆಯಬೇಕಿಲ್ಲ, ಶುಲ್ಕವಿಲ್ಲ. ಆ್ಯಪ್‌ನ ಮೂಲ ಸಂಕೇತವನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ಸಾಮಾನ್ಯವಾಗಿ ಆ ಸಂಕೇತದಿಂದಲೇ ಮಳಿಗೆಯವರು ಆ್ಯಪನ್ನು ಸಿದ್ಧಪಡಿಸುತ್ತಾರೆ. ಜಾಹೀರಾತು ತೋರಿಸುವ, ಬಳಕೆದಾರನ ಚಲನವಲನ ಗಮನಿಸುವ ಗುಣವಿದ್ದರೆ ಅದನ್ನೂ ಮುಚ್ಚಿಡದೆ ನಮೂದಿಸುತ್ತಾರೆ. ಬ್ಯಾಂಕುಗಳ, ಯುಪಿಐ ಪಾವತಿಯ ಆ್ಯಪ್‌ಗಳು ಇಲ್ಲಿ ಸಿಗುವುದಿಲ್ಲ ಎಂಬುದು ನಿಜ. ಆದರೆ ನಕಾಶೆ, ಕೀಲಿಮಣೆ, ವಿಡಿಯೊ ನೋಡುವ ಸಾಧನಗಳಿಗೆ ಕೊರತೆಯಿಲ್ಲ.

ಈ ಬಾಗಿಲಿಗೂ ಈಗ ಬೀಗದ ಭೀತಿ. ಅಧಿಕೃತ ಮಾನ್ಯತೆಯುಳ್ಳ ಆಂಡ್ರಾಯ್ಡ್ ಸಾಧನಗಳಲ್ಲಿ, ತನ್ನಲ್ಲಿ ಗುರುತು ದೃಢಪಡಿಸಿಕೊಂಡ ತಂತ್ರಜ್ಞರ ಆ್ಯಪ್‌ಗಳನ್ನಷ್ಟೇ ಸ್ಥಾಪಿಸಲು ಬಿಡುವ ಯೋಜನೆಯನ್ನು ಗೂಗಲ್ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಬ್ರೆಜಿಲ್, ಇಂಡೊನೇಷ್ಯಾ, ಸಿಂಗಪುರ, ಥಾಯ್ಲೆಂಡ್‌ಗಳಲ್ಲಿ 2026ರ ಸೆಪ್ಟೆಂಬರ್‌ನಿಂದ, ಉಳಿದೆಡೆ 2027ರಿಂದ ಎಂದು ಅದು ಹೇಳಿತು. ಇದು ತಮ್ಮ ಯೋಜನೆಯನ್ನೇ ಕೊನೆಗಾಣಿಸೀತು ಎಂದು ಎಫ್-ಡ್ರಾಯ್ಡ್ ಎಚ್ಚರಿಸಿತು. ಆಕ್ಷೇಪಗಳ ಬಳಿಕ, ಅಪಾಯ ಅರಿತು ಮುಂದುವರಿಯುವ ಅನುಭವಿಗಳಿಗೆ ಪ್ರತ್ಯೇಕ ದಾರಿ ಒದಗಿಸುವುದಾಗಿ ಗೂಗಲ್ ನವೆಂಬರ್‌ನಲ್ಲಿ ಹೇಳಿತು. ಆದರೆ ಆ ದಾರಿಯ ಅಗಲವನ್ನು ನಿರ್ಧರಿಸುವವರೂ ಅವರೇ.

ಗೂಗಲ್ ಮುಂದಿಡುವ ಸುರಕ್ಷತೆಯ ವಾದವನ್ನು ನಾನು ತಳ್ಳಿಹಾಕಲಾರೆ. ಮದುವೆಯ ಕರೆಯೋಲೆ, ಸಂಚಾರ ದಂಡದ ನೋಟಿಸುಗಳ ಸೋಗಿನಲ್ಲಿ ವಾಟ್ಸ್ಆ್ಯಪ್‌ಗೆ ಬರುವ ಕಡತಗಳನ್ನು ಒತ್ತಿ ಹಣ ಕಳೆದುಕೊಂಡವರು ನಮ್ಮ ನಡುವೆಯೇ ಇದ್ದಾರೆ. ಆದರೆ ಅಪರಿಚಿತ ಕಡತಕ್ಕೂ ಸಂಕೇತವನ್ನು ಬಹಿರಂಗವಾಗಿಟ್ಟು ವಿತರಿಸುವ ಮಳಿಗೆಗೂ ಅಂತರವಿದೆ. ಪ್ಲೇ ಸ್ಟೋರ್‌ನಲ್ಲಿಯೂ ವಂಚಕ ಆ್ಯಪ್‌ಗಳು ಪತ್ತೆಯಾಗಿವೆ. ಕಳ್ಳರ ಭಯಕ್ಕೆ ಊರಿನ ಎಲ್ಲ ಬಾಗಿಲುಗಳ ಕೀಲಿಕೈಯನ್ನು ಒಬ್ಬ ಸಾಹುಕಾರನ ಕೈಗಿಡುವುದು ವಿವೇಕವಲ್ಲ.

ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ ₹1,337.76 ಕೋಟಿ ದಂಡ ವಿಧಿಸಿದಾಗ, ಪ್ಲೇ ಸ್ಟೋರ್‌ನ ಹೊರಗಿನಿಂದ ಆ್ಯಪ್ ವಿತರಿಸುವುದನ್ನು ನಿರ್ಬಂಧಿಸಬಾರದೆಂದೂ ಆದೇಶಿಸಿತ್ತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದು, ಈ ನಿರ್ದೇಶನವನ್ನು ರದ್ದುಪಡಿಸಿತು. ದಂಡ ಬೊಕ್ಕಸಕ್ಕೆ, ನಿರ್ಬಂಧ ಪ್ರಜೆಗೆ ಎಂಬಂತಾಯಿತು!

ಹೊಸ ನಿಯಮ ನಮ್ಮ ದೇಶಕ್ಕೆ ಕಾಲಿಡುವ ಮುನ್ನ ಆಯೋಗ ಇದನ್ನು ಮತ್ತೆ ಕೈಗೆತ್ತಿಕೊಳ್ಳಬೇಕು. ರಾಜ್ಯ ಸರ್ಕಾರವೂ ಸುಮ್ಮನಿರಬೇಕಿಲ್ಲ. ತೆರಿಗೆದಾರರ ಹಣದಿಂದ ರೂಪಿಸಿದ ಆ್ಯಪ್‌ಗಳ ಮೂಲ ಸಂಕೇತವನ್ನು ಪ್ರಕಟಿಸಿ, ಸ್ವತಂತ್ರ ಮಳಿಗೆಗಳಲ್ಲಿಯೂ ದೊರೆಯುವಂತೆ ಮಾಡಲಿ. ನಾಗರಿಕನೊಬ್ಬ ಸರ್ಕಾರಿ ಸೇವೆ ಪಡೆಯಲು ಖಾಸಗಿ ಸಂಸ್ಥೆಯ ಖಾತೆ ತೆರೆಯಲೇಬೇಕೆಂಬ ಸ್ಥಿತಿ ಪ್ರಜಾಪ್ರಭುತ್ವಕ್ಕೆ ಶೋಭೆಯಲ್ಲ.