ಅಚ್ಚಿಗೂ ಜಾತಕ ಕೂಡಬೇಕು

ಹಳೆಯ ಮನೆಗೆ ಹೊಸ ತೊಲೆಯನ್ನು ಏರಿಸುವವನು ಗೋಡೆಯ ಬಲವನ್ನು ಮೊದಲು ವಿಚಾರಿಸುತ್ತಾನೆ. ಹಳೆಯ ಮೋಟಾರು ಕಾರಿಗೆ ಇನ್ನೊಂದು ಕಾರಿನ ಅಂಗವನ್ನು ಜೋಡಿಸುವವನಿಗೆ ಅಷ್ಟು ತಾಳ್ಮೆ ಅನೇಕ ವೇಳೆ ಇರುವುದಿಲ್ಲ. ಬೋಲ್ಟಿಗೆ ತೂತು ಸರಿಹೋದರೆ ಸಂಬಂಧ ಕುದುರಿತೆಂದೇ ಅವನ ಭಾವನೆ. ಆದರೆ ಹಿಂದಿನ ಅಚ್ಚಿನ ವಿಷಯದಲ್ಲಿ ತೂತು ಸರಿಹೋಗುವುದೆಂದರೆ ಮುಖಲಕ್ಷಣ ಒಪ್ಪಿಗೆಯಾದಂತೆ, ಅಷ್ಟೆ. ಜಾತಕ ಕೂಡುವ ಮಾತು ಬೇರೆಯೇ ಇದೆ.

ಬ್ರಿಟನ್ನಿನ ಟ್ರಯಂಫ್ ಕಾರುಗಳ ಕುಟುಂಬವೊಂದು ಇದಕ್ಕೆ ಒಳ್ಳೆಯ ನಿದರ್ಶನ. 1959ರಲ್ಲಿ ಕವೆಂಟ್ರಿ ನಗರದ ಕಾರ್ಖಾನೆಯಿಂದ ಹೊರಬಂದ ಹೆರಾಲ್ಡ್ ಈ ಕುಟುಂಬದ ಹಿರಿಯಣ್ಣ. ಅದರ ಮೈಕಟ್ಟನ್ನು ರೂಪಿಸಿದವನು ಇಟಲಿಯ ಟ್ಯೂರಿನ್ ಪಟ್ಟಣದ ಜಿಯೊವಾನಿ ಮಿಕೆಲೊಟ್ಟಿ. ಅದೇ ಚಾಸಿಯನ್ನು ಗಿಡ್ಡಗೊಳಿಸಿ, ಎರಡೇ ಆಸನಗಳ ತೆರೆದ ಒಡಲನ್ನು ಕೂರಿಸಿದಾಗ 1962ರಲ್ಲಿ ಸ್ಪಿಟ್‌ಫೈರ್ ಹುಟ್ಟಿತು. ಆರು ಸಿಲಿಂಡರುಗಳ 1998 ಸಿ.ಸಿ. ಎಂಜಿನನ್ನೂ ಮುಚ್ಚಿದ ಮೇಲ್ಛಾವಣಿಯನ್ನೂ ಪಡೆದು 1966ರಲ್ಲಿ ಜಿ.ಟಿ. 6 ಬಂದಿತು. 1980ರಲ್ಲಿ ತಯಾರಿಕೆ ನಿಲ್ಲುವ ವೇಳೆಗೆ ಸ್ಪಿಟ್‌ಫೈರ್ ಕಾರುಗಳ ಸಂಖ್ಯೆ 3 ಲಕ್ಷವನ್ನು ಮೀರಿತ್ತು. ಒಂದೇ ಮನೆತನದ ಕಾರುಗಳಾದುದರಿಂದ ಒಂದರ ಅಂಗ ಇನ್ನೊಂದಕ್ಕೆ ಬಹುಮಟ್ಟಿಗೆ ಹೊಂದುತ್ತದೆ. ಹಳೆಯ ಕಾರುಗಳನ್ನು ಸಾಕುವ ಹವ್ಯಾಸಿಗಳಿಗೆ ಇದೇ ದೊಡ್ಡ ಅನುಕೂಲ. ಇದೇ ದೊಡ್ಡ ಪ್ರಲೋಭನೆ.

ಎತ್ತಿನ ಗಾಡಿಯ ಅಚ್ಚನ್ನು ನೋಡದವರಿಲ್ಲ. ಎರಡು ಗಾಲಿಗೂ ಒಂದೇ ಅಚ್ಚು. ಒಂದು ಗಾಲಿ ಕಲ್ಲನ್ನು ಹತ್ತಿದರೆ ಇನ್ನೊಂದು ವಾಲುತ್ತದೆ. ಹಳೆಯ ಕಾರುಗಳಲ್ಲಿ ಬಹುಪಾಲು ಇದೇ ಕ್ರಮ. ಹೆರಾಲ್ಡಿನ ಶಿಲ್ಪಿಗಳು ಈ ಅಚ್ಚನ್ನು ನಡುವೆ ತುಂಡರಿಸಿದರು. ಗಾಲಿಗಳಿಗೆ ಶಕ್ತಿಯನ್ನು ಹಂಚುವ ಡಿಫರೆನ್ಷಿಯಲ್ ಪೆಟ್ಟಿಗೆಯನ್ನು ಚಾಸಿಗೇ ಬಿಗಿದು, ಅದರ ಎರಡು ಪಕ್ಕಕ್ಕೂ ಒಂದೊಂದು ಅರೆಯಚ್ಚನ್ನು ಕೀಲಿನಿಂದ ಸೇರಿಸಿದರು. ಪೆಟ್ಟಿಗೆಯ ನೆತ್ತಿಯ ಮೇಲೆ ಈ ಗಾಲಿಯಿಂದ ಆ ಗಾಲಿಯವರೆಗೆ ಅಡ್ಡಲಾಗಿ ಒಂದೇ ಪಟ್ಟಿ ಸ್ಪ್ರಿಂಗನ್ನು ಇಟ್ಟರು. ಹಕ್ಕಿಯ ಎರಡು ರೆಕ್ಕೆಗಳಂತೆ ಗಾಲಿಗಳು ಬೇರೆಬೇರೆಯಾಗಿ ಏರಿ ಇಳಿಯತೊಡಗಿದವು. ಕಡಿಮೆ ಖರ್ಚಿನಲ್ಲಿ ಸುಖಪ್ರಯಾಣ ದೊರೆಯಿತು.

ಆದರೆ ರೆಕ್ಕೆ ಇಳಿಬಿದ್ದಾಗ ಗಾಲಿ ನೆಟ್ಟಗೆ ನಿಲ್ಲುವುದಿಲ್ಲ. ವೇಗದಲ್ಲಿರುವ ಕಾರು ತಿರುವನ್ನು ಹೊಕ್ಕಿದೆ ಎನ್ನೋಣ. ಭಾರವೆಲ್ಲ ಹೊರಗಡೆಯ ಗಾಲಿಯ ಮೇಲೆ ಬಿದ್ದಿದೆ. ಗಾಬರಿಗೊಂಡ ಚಾಲಕ ಆಕ್ಸಿಲರೇಟರಿನಿಂದ ಥಟ್ಟನೆ ಕಾಲನ್ನು ತೆಗೆಯುತ್ತಾನೆ. ಭಾರ ಮುಂದಕ್ಕೆ ಸರಿದು ಕಾರಿನ ಹಿಂಭಾಗ ಮೇಲೇಳುತ್ತದೆ. ಅರೆಯಚ್ಚು ಕೆಳಕ್ಕೆ ಬಾಗುತ್ತದೆ. ಹೊರಗಾಲಿಯ ಬುಡ ಕಾರಿನ ಅಡಿಗೆ ಮಡಿಸಿಕೊಂಡು, ಟೈರು ತನ್ನ ಅಂಚಿನ ಮೇಲೆ ನಿಲ್ಲುತ್ತದೆ. ಆಗ ರಸ್ತೆಯ ಹಿಡಿತ ತಪ್ಪಿ ಹಿಂಭಾಗ ಚಾಟಿಯಂತೆ ಬೀಸಿಹೋಗುತ್ತದೆ. ಇದೆಲ್ಲ ನಡೆಯುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಇದು ಟ್ರಯಂಫ್ ಒಂದರದೇ ದೋಷವಲ್ಲ. ಅಮೆರಿಕದ ಷೆವರ್ಲೆ ಕಾರ್ವೇರ್ ಕಾರಿನ ಹಿಂದೆಯೂ ಇಂತಹುದೇ ತೂಗಾಡುವ ಅಚ್ಚಿತ್ತು. 1965ರಲ್ಲಿ ರಾಲ್ಫ್ ನೇಡರ್ ಬರೆದ ಗ್ರಂಥ ಆ ಕಾರನ್ನು ಕಟುವಾಗಿ ಟೀಕಿಸಿ ದೇಶದಲ್ಲೆಲ್ಲ ಕೋಲಾಹಲವನ್ನೆಬ್ಬಿಸಿತು.

ಟ್ರಯಂಫ್ ಕಾರ್ಖಾನೆ ಎರಡು ಮದ್ದುಗಳನ್ನು ಕಂಡುಹಿಡಿಯಿತು. 1968ರಲ್ಲಿ ಜಿ.ಟಿ. 6ರ ಹಿಂದಿನ ಗಾಲಿಗಳಿಗೆ ಕೆಳಗಡೆಯಿಂದ ಒಂದೊಂದು ತೋಳನ್ನು ಕೊಟ್ಟು, ಅಚ್ಚಿನ ನಡುವೆ ರಬ್ಬರಿನ ದಪ್ಪ ಬಳೆಯನ್ನು ಸೇರಿಸಿದರು. ರೋಟೋಫ್ಲೆಕ್ಸ್ ಎಂದು ಇದರ ಹೆಸರು. ಈ ಮದ್ದು ಗುಣಕಾರಿಯಾಗಿತ್ತು, ದುಬಾರಿಯೂ ಆಗಿತ್ತು. 1970ರ ಕೊನೆಗೆ ಬಂದ ನಾಲ್ಕನೆಯ ಮಾದರಿಯ ಸ್ಪಿಟ್‌ಫೈರಿಗೆ ಅಗ್ಗದ ಉಪಾಯವೊಂದು ಹೊಳೆಯಿತು. ಸ್ಪ್ರಿಂಗಿನ ಎಲ್ಲ ಪಟ್ಟಿಗಳನ್ನೂ ಪೆಟ್ಟಿಗೆಗೆ ಬಿಗಿಯುವ ಬದಲು ಒಂದನ್ನು ಮಾತ್ರ ಬಿಗಿದು, ಉಳಿದವು ತಕ್ಕಡಿಯ ದಂಡಿಗೆಯಂತೆ ನಡುವೆ ಓಲಾಡಲು ಬಿಟ್ಟರು. ಎರಡು ಗಾಲಿಗಳೂ ಒಟ್ಟಿಗೆ ಹಳ್ಳಕ್ಕೆ ಇಳಿದರೆ ಪಟ್ಟಿಗಳೆಲ್ಲ ಸೇರಿ ಭಾರವನ್ನು ಹೊರುತ್ತವೆ. ತಿರುವಿನಲ್ಲಿ ಕಾರು ವಾಲಿದಾಗ ಅವು ಅಡ್ಡಿಮಾಡದೆ ಓಲಾಡುತ್ತವೆ. ಹೊರಗಾಲಿ ಅಡಿಗೆ ಮಡಿಸಿಕೊಳ್ಳುವ ಚಾಳಿ ಬಹಳಷ್ಟು ಅಡಗುತ್ತದೆ. ಜಿ.ಟಿ. 6ರ ಕೊನೆಯ ವರ್ಷವಾದ 1973ರಲ್ಲಿ ಅದಕ್ಕೂ ಈ ಸ್ಪ್ರಿಂಗೇ ಬಂದಿತು. ಆ ಸುಮಾರಿನಲ್ಲಿಯೇ ಸ್ಪಿಟ್‌ಫೈರಿನ ಅರೆಯಚ್ಚುಗಳನ್ನು ಪಕ್ಕಕ್ಕೊಂದು ಅಂಗುಲದಂತೆ ಉದ್ದಮಾಡಿದರು. ಗಾಲಿಗಳ ನಡುವಣ ಅಂತರ 2 ಅಂಗುಲ ಹೆಚ್ಚಿತು.

ಹಳೆಯ ಸ್ಪಿಟ್‌ಫೈರನ್ನೋ ಹೆರಾಲ್ಡನ್ನೋ ಇಟ್ಟುಕೊಂಡವನ ಕಣ್ಣು ಈ ಓಲಾಡುವ ಸ್ಪ್ರಿಂಗಿನ ಮೇಲೆ ಬೀಳುವುದು ಸಹಜ. ಮುರಿದ ಕಾರೊಂದರಿಂದ ಅದನ್ನು ಬಿಚ್ಚಿ ತಂದು, ಅದರ ಹಿಡಿಕೆಯ ಸಮೇತ ಪೆಟ್ಟಿಗೆಯ ಮೇಲೆ ಕೂರಿಸಬಹುದು. ಜಾತಕದ ಪ್ರಶ್ನೆ ಏಳುವುದು ಇಲ್ಲಿಯೇ. ಈ ಸ್ಪ್ರಿಂಗು ಹಿಂಭಾಗದ ವಾಲಾಟವನ್ನು ತಡೆಯುವ ಕೆಲಸಕ್ಕೆ ರಾಜೀನಾಮೆಯನ್ನು ಕೊಟ್ಟಿದೆ. ಆ ಕೆಲಸವನ್ನು ಮುಂಭಾಗ ವಹಿಸಿಕೊಳ್ಳಬೇಕು. ಆದುದರಿಂದಲೇ ಕಾರ್ಖಾನೆಯವರು ಸ್ಪ್ರಿಂಗನ್ನು ಬದಲಿಸಿದಾಗ ಮುಂದಿನ ಗಾಲಿಗಳೆರಡನ್ನೂ ಕೂಡಿಸುವ ತಿರುಚುಸರಳನ್ನು ದಪ್ಪಮಾಡಿದ್ದರು. ಹಿಂದಿನದನ್ನು ತಂದು ಮುಂದಿನದನ್ನು ಮರೆತವನ ಕಾರು ತಿರುವುತಿರುವಿನಲ್ಲೂ ದೋಣಿಯಂತೆ ಹೊಯ್ದಾಡುತ್ತದೆ. ಹೆಣ್ಣನ್ನು ತಂದುಕೊಂಡು ಬೀಗರನ್ನು ಬಿಟ್ಟುಬಂದೆನೆಂದರೆ ನಡೆಯುವುದುಂಟೆ?

ಉದ್ದನೆಯ ಅಚ್ಚಿನ ಕಥೆಯೂ ಅಷ್ಟೆ. ಎರಡು ಪಕ್ಕಕ್ಕೂ ಒಂದೇ ಅಳತೆಯ ಜೋಡಿಯೇ ಆಗಬೇಕು. ಗಾಲಿ ಒಂದು ಅಂಗುಲ ಹೊರಗೆ ಬಂದ ಮೇಲೆ ಟೈರು ಮಡ್‌ಗಾರ್ಡಿನ ಅಂಚಿಗೆ ಉಜ್ಜದೆ ಏರಿ ಇಳಿಯುವುದೇ ಎಂಬುದನ್ನು ಕಾರಿಗೆ ಪೂರ್ಣ ಭಾರವನ್ನು ಹೇರಿ ನೋಡಬೇಕು. ರೋಟೋಫ್ಲೆಕ್ಸ್ ಏರ್ಪಾಟನ್ನು ತರುವ ಆಸೆಯುಳ್ಳವನಿಗೆ ಸ್ಪ್ಯಾನರು ಒಂದೇ ಸಾಲದು. ಕೆಳತೋಳನ್ನು ಹಿಡಿಯುವ ಆಧಾರಗಳನ್ನು ಚಾಸಿಗೆ ಬೆಸೆಯಬೇಕು, ಗಾಲಿಯ ಕಂಬವೂ ಸ್ಪ್ರಿಂಗೂ ಷಾಕ್ ಅಬ್ಸಾರ್ಬರಿನ ನೆಲೆಯೂ ಬದಲಾಗಬೇಕು. ರಬ್ಬರು ಬಳೆ ಮುಪ್ಪಾಗಿ ಬಿರಿಯುವುದರಿಂದ ಆಗಾಗ್ಗೆ ಅದನ್ನು ಪರೀಕ್ಷಿಸುವ ಹೊಣೆಯೂ ಜೊತೆಗೆ ಬರುತ್ತದೆ.

ಎಲ್ಲಕ್ಕಿಂತ ಗುಟ್ಟಾಗಿ ಮೋಸಮಾಡುವುದು ಡಿಫರೆನ್ಷಿಯಲ್. ಮೊದಲ ಸ್ಪಿಟ್‌ಫೈರುಗಳಲ್ಲಿ ಗಾಲಿ ಒಂದು ಸುತ್ತು ತಿರುಗಬೇಕಾದರೆ ಎಂಜಿನ್ನಿನಿಂದ ಬರುವ ದಂಡ 4.11 ಸುತ್ತು ತಿರುಗಬೇಕು. ಜಿ.ಟಿ. 6ರಲ್ಲಿ ಸಾಮಾನ್ಯವಾಗಿ 3.27 ಸುತ್ತು ಸಾಕು. ಎರಡನೆಯದನ್ನು ತಂದು ಸ್ಪಿಟ್‌ಫೈರಿಗೆ ಹಾಕಿದರೆ ಹೆದ್ದಾರಿಯಲ್ಲಿ ಎಂಜಿನ್ನು ನಿರಾಯಾಸವಾಗಿ ಹಾಡುತ್ತದೆ. ಆದರೆ ಆರು ಸಿಲಿಂಡರುಗಳ ಬಲಕ್ಕೆಂದು ಮಾಡಿದ ಈ ಅನುಪಾತವನ್ನು 1147 ಸಿ.ಸಿ.ಯ ಎಂಜಿನ್ನು ಏರಿನಲ್ಲಿ ಎಳೆಯಲಾರದೆ ಏದುಸಿರು ಬಿಡುತ್ತದೆ. ವೇಗಸೂಚಿ ಗೇರುಪೆಟ್ಟಿಗೆಯಿಂದ ನಡೆಯುವುದಾದುದರಿಂದ ಹಿಂದೆ ನಡೆದ ಮಾರ್ಪಾಟು ಅದಕ್ಕೆ ತಿಳಿಯದು. ಮುಳ್ಳು 40 ಮೈಲಿ ಎಂದು ತೋರಿಸುವಾಗ ಕಾರು ನಿಜವಾಗಿ 50 ಮೈಲಿಯ ವೇಗದಲ್ಲಿರುತ್ತದೆ. ತಿರುವಿನಲ್ಲಿ ಕೈಕೊಡುವ ಅಚ್ಚಿನ ಕಾರಿನಲ್ಲಿ ಈ 10 ಮೈಲಿಯ ಸುಳ್ಳು ಸಣ್ಣದಲ್ಲ.

ಇದೇ ಕುಟುಂಬದ ಅಚ್ಚು ಬದಲಾದ ಇನ್ನೊಂದು ಪ್ರಸಂಗ ಭಾರತದಲ್ಲಿಯೇ ನಡೆದಿದೆ. 1961ರಿಂದ ಮದರಾಸಿನ ಕಾರ್ಖಾನೆ ಸ್ಟ್ಯಾಂಡರ್ಡ್ ಹೆರಾಲ್ಡನ್ನು ತಯಾರಿಸುತ್ತಿದ್ದಿತು. ತೂಗಾಡುವ ಅಚ್ಚು ಇಲ್ಲಿನ ಮಾಲೀಕರಿಗೂ ಮೆಕ್ಯಾನಿಕರಿಗೂ ಹಿಡಿಸಲಿಲ್ಲ. 1972ರಲ್ಲಿ ಹೆರಾಲ್ಡಿನ ಸ್ಥಾನಕ್ಕೆ ಸ್ಟ್ಯಾಂಡರ್ಡ್ ಗೆಝೆಲ್ ಬಂದಾಗ ಅದರ ಹಿಂದೆ ಇದ್ದುದು ಗಾಡಿಯ ಕ್ರಮದ ಇಡಿಯ ಅಚ್ಚು. ವಿದ್ಯೆಯಲ್ಲಿ ಇದು ಒಂದು ಹೆಜ್ಜೆ ಹಿಂದಕ್ಕೆ ಇಟ್ಟಂತೆ ಕಾಣಬಹುದು. ಊರೂರಿನ ಮೆಕ್ಯಾನಿಕ್ಕಿಗೂ ಅರ್ಥವಾಗುವ ಅಚ್ಚು ಈ ದೇಶದ ರಸ್ತೆಗೆ ಲೇಸೆಂಬುದು ಅಲ್ಲಿನ ತೀರ್ಮಾನ. ಕಾರಿನ ಜಾತಕದ ಜೊತೆಗೆ ಊರಿನ ಜಾತಕವನ್ನೂ ನೋಡಿದ ಸಂಬಂಧವದು.

ಹಳೆಯ ಕಾರಿನ ಯಜಮಾನ ಅಂಗಾಂಗಗಳನ್ನು ಬದಲಿಸಬಾರದೆಂದೇನೂ ಇಲ್ಲ. ಹಲವು ಕಾರುಗಳು ಇಂದಿಗೂ ರಸ್ತೆಯ ಮೇಲಿರುವುದು ಇಂತಹ ಕೊಳುಕೊಡೆಯಿಂದಲೇ. ಒಂದು ಅಂಗವನ್ನು ತರುವ ಮುನ್ನ ಅದು ತನ್ನ ಹಳೆಯ ಮನೆಯಲ್ಲಿ ಯಾರ ನೆರವಿನಿಂದ ಬಾಳುತ್ತಿತ್ತೆಂದು ಕೇಳಿಕೊಂಡರೆ ಸಾಕು. ಷೆಡ್ಡಿನಲ್ಲಿ ನಿಂತ ಕಾರು ಈ ಪ್ರಶ್ನೆಯನ್ನು ಕೇಳುವುದಿಲ್ಲ. ಮಳೆ ಬಿದ್ದ ರಸ್ತೆಯ ಮೊದಲನೆಯ ತಿರುವು ಕೇಳುತ್ತದೆ. ಅಲ್ಲಿ ಉತ್ತರವನ್ನು ಹುಡುಕಲು ವೇಳೆ ಇರುವುದಿಲ್ಲ.