ಶಿಫಾರಸು ಎಂದರೆ ಸಾಕ್ಷ್ಯ

ಧಾರವಾಡದಿಂದ ಅಳ್ನಾವರಕ್ಕೆ ಹೋಗುವ ರೈಲು ಮಾರ್ಗದಲ್ಲಿ ಮುಗದ ಒಂದು ಸಣ್ಣ ನಿಲ್ದಾಣ. ಇಲ್ಲಿನ ಕೃಷಿ ಸಂಶೋಧನಾ ಕೇಂದ್ರದ ಭತ್ತದ ತಳಿಗಳಿಂದಾಗಿ ಈ ಊರಿನ ಹೆಸರು ರೈತರಿಗೆ ಪರಿಚಿತ. ಆದರೆ ಇಂತಹ ಊರಿನಿಂದ ಐಟಿಐ ಮುಗಿಸಿ ಹೊರಟ ಯುವಕನಿಗೆ ಬೇಲೂರಿನ ಅಥವಾ ತಾರಿಹಾಳದ ಕೈಗಾರಿಕಾ ಪ್ರದೇಶದಲ್ಲಿ ಪರಿಚಿತರು ಸಿಗುವುದು ವಿರಳ. ಲೆಕ್ಕಪತ್ರ ಕಲಿತ ಯುವತಿಯ ಸ್ಥಿತಿಯೂ ಇದೇ. ಕೌಶಲವಿದ್ದರೂ, "ಇವರನ್ನು ನಾನು ಬಲ್ಲೆ" ಎಂದು ಹೇಳುವವರಿಲ್ಲ.

ಹಾಗೆ ಹೇಳಬಲ್ಲ ಗುತ್ತಿಗೆದಾರರು, ಶಿಕ್ಷಕರು, ವ್ಯಾಪಾರಿಗಳು ನಮ್ಮ ಜಮಾಅತ್‌ಗಳಲ್ಲಿದ್ದಾರೆ. ಆದರೂ ನಮ್ಮಲ್ಲಿ ಕೆಲವರು ಉಸಾಬರಿಯೇ ಬೇಡವೆಂದು ಸುಮ್ಮನಾಗುತ್ತೇವೆ. ಇನ್ನು ಕೆಲವರು ಕೇಳಿದವರಿಗೆಲ್ಲ ಯಾರದೋ ಫೋನ್ ನಂಬರ್ ಕೊಟ್ಟು, "ನನ್ನ ಹೆಸರು ಹೇಳು" ಎಂದು ಕೈತೊಳೆದುಕೊಳ್ಳುತ್ತೇವೆ. ಈ ಎರಡೂ ನಡೆಗಳಲ್ಲಿ ಹೊಣೆಗಾರಿಕೆಯಿಲ್ಲ.

ಒಳಿತಿಗಾಗಿ ಶಿಫಾರಸು ಮಾಡಿದವನು ಅದರ ಫಲದಲ್ಲೂ ಕೆಡುಕಿಗಾಗಿ ಮಾಡಿದವನು ಅದರ ಹೊರೆಯಲ್ಲೂ ಪಾಲುದಾರನೆಂಬುದು ಸೂರಃ ಅನ್ನಿಸಾದ 85ನೇ ವಚನದ ಬೋಧನೆ. ಅಂದರೆ ಪರಿಚಯ ಮಾಡಿಸಿದಲ್ಲಿಗೆ ನಮ್ಮ ಹೊಣೆ ಮುಗಿಯುವುದಿಲ್ಲ.

ಹಾಗಾದರೆ ಯಾರ ಪರವಾಗಿ ಮಾತನಾಡಬೇಕು? ಮದ್‌ಯನ್‌ನಲ್ಲಿ ಪ್ರವಾದಿ ಮೂಸಾ(ಅ)ರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತೆ ತಂದೆಗೆ ಸೂಚಿಸಿದ ಹೆಣ್ಣುಮಗಳು, ಅವರು ಕುರಿಗಳಿಗೆ ನೀರು ಕುಡಿಸಿದ್ದನ್ನು ಕಂಡಿದ್ದಳು. ಅವಳು ಮುಂದಿಟ್ಟ ಅರ್ಹತೆಗಳು ಎರಡೇ: ಸಾಮರ್ಥ್ಯ ಮತ್ತು ಪ್ರಾಮಾಣಿಕತೆ. ಇನ್ನೊಬ್ಬನ ಪರವಾಗಿ ಸಾಕ್ಷಿ ನುಡಿಯಲು ಬಂದವನೊಬ್ಬನನ್ನು ಹಝ್ರತ್ ಉಮರ್(ರ), ನೀನು ಅವನ ನೆರೆಯವನೇ, ಅವನೊಂದಿಗೆ ಪ್ರಯಾಣ ಮಾಡಿದ್ದೀಯಾ, ಹಣದ ವ್ಯವಹಾರ ನಡೆಸಿದ್ದೀಯಾ ಎಂದು ವಿಚಾರಿಸಿದರೆಂಬ ವರದಿಯಿದೆ. ಆತನಿಗೆ ಈ ಯಾವ ಅನುಭವವೂ ಇರಲಿಲ್ಲ. ಹಾಗಾದರೆ ನೀನು ಅವನನ್ನು ಅರಿತಿಲ್ಲವೆಂದು ಉಮರ್(ರ) ತೀರ್ಪಿತ್ತರು. ನಾವೂ ಕಂಡಷ್ಟನ್ನೇ ಹೇಳಬೇಕು. ಸಂಬಂಧಿಕನೆಂಬ ಕಾರಣಕ್ಕೆ ಅನರ್ಹನನ್ನು ಹೊಗಳಿ ಕಳುಹಿಸಿದರೆ, ಆ ಮಾಲೀಕನ ಬಾಗಿಲು ಮುಂದೆ ಬರುವ ಅರ್ಹನಿಗೂ ಮುಚ್ಚಬಹುದು.

ಪರಿಚಯದ ಇನ್ನೊಂದು ತುದಿಯಲ್ಲಿರುವವರ ಹಕ್ಕನ್ನು ನಾವು ಬೇಗ ಮರೆಯುತ್ತೇವೆ. ಪತಿ ಮುಗೀಸ್‌ರ ಬಳಿಗೆ ಮರಳುವಂತೆ ಪ್ರವಾದಿ(ಸ)ರು ಬರೀರಾ(ರ)ರಿಗೆ ಹೇಳಿದಾಗ, ಇದು ಆಜ್ಞೆಯೇ ಎಂದು ಆಕೆ ಕೇಳಿದರು. ಕೇವಲ ಶಿಫಾರಸು ಎಂಬ ಉತ್ತರ ದೊರೆತಾಗ ಆಕೆ ಒಪ್ಪಲಿಲ್ಲ. ಪ್ರವಾದಿ(ಸ)ರು ಒತ್ತಾಯಿಸಲಿಲ್ಲ. ಪ್ರವಾದಿ(ಸ)ರ ಶಿಫಾರಸನ್ನೇ ನಿರಾಕರಿಸುವ ಸ್ವಾತಂತ್ರ್ಯ ಆಕೆಗಿತ್ತೆಂದ ಮೇಲೆ, ನಮ್ಮ ಮಾತು ಯಾರ ಮೇಲೂ ಹೇರಿಕೆಯಾಗಬಾರದು. ಆದ್ದರಿಂದ ಮೊದಲು ಮಾಲೀಕರನ್ನು ಕೇಳೋಣ. ಅವರು ಒಪ್ಪಿದ ಬಳಿಕವೇ ನಂಬರ್ ಕೊಡೋಣ. ಅಭ್ಯರ್ಥಿಗೆ ಏನು ಬರುತ್ತದೆ, ಏನನ್ನು ಇನ್ನೂ ಕಲಿಯಬೇಕಿದೆ ಎಂಬುದನ್ನು ಮುಚ್ಚಿಡದೆ ತಿಳಿಸೋಣ. ಅವರು ಬೇಡವೆಂದರೆ ಮುನಿಸಿಕೊಳ್ಳದಿರೋಣ.

ಮದೀನಾದಲ್ಲಿ ಸಅದ್ ಬಿನ್ ರಬೀಅ್(ರ) ತಮ್ಮ ಸಂಪತ್ತಿನ ಅರ್ಧವನ್ನೇ ಕೊಡಲು ಮುಂದಾದಾಗ, ಮಕ್ಕಾದಿಂದ ಬರಿಗೈಯಲ್ಲಿ ಬಂದಿದ್ದ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರಿಗಾಗಿ ಪ್ರಾರ್ಥಿಸಿ, ಮಾರುಕಟ್ಟೆಯ ದಾರಿ ತೋರಿಸುವಂತೆ ಕೇಳಿಕೊಂಡರು. ಆ ದಾರಿಯೇ ಅವರನ್ನು ಸ್ವಾವಲಂಬಿಯಾಗಿಸಿತು. ಅರ್ಧ ಸಂಪತ್ತನ್ನು ಕೊಡುವ ಶಕ್ತಿ ನಮ್ಮಲ್ಲಿ ಕೆಲವರಿಗಷ್ಟೇ ಇದ್ದೀತು. ದಾರಿ ತೋರಿಸುವುದು ನಮ್ಮಲ್ಲಿ ಬಹಳ ಮಂದಿಗೆ ಸಾಧ್ಯ. ಮುಂದಿನ ಜುಮಾದೊಳಗೆ ನಾವು ನಿಜವಾಗಿ ಬಲ್ಲ ಒಬ್ಬ ಅರ್ಹರಿಗಾಗಿ ಒಂದು ಪ್ರಾಮಾಣಿಕ ಮಾತನ್ನಾಡೋಣ.