ಕೂಸಿಗೆ ಮುಂಚೆ ಕುಲಾವಿ ಹೊಲಿಸಿದರೆ ತಪ್ಪೇನು?

"ಹೈಡ್ರೋಜನ್ ಸ್ಕೂಟರ್ ಇನ್ನೂ ಶೋರೂಮಿಗೇ ಬಂದಿಲ್ಲ, ಆಗಲೇ ಅದರ ಸರ್ವೀಸಿಂಗು, ಫಿಟ್‌ನೆಸ್ಸು ಅಂತ ತಲೆ ಕೆಡಿಸಿಕೊಂಡಿದ್ದೀರಲ್ಲ! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಯ್ತು" ಅಂತ ಇಲ್ಲಿ ಪುಣೆಯ ಕನ್ನಡ ಗೆಳೆಯರೊಬ್ಬರು ಮೊನ್ನೆ ನಕ್ಕರು. ನಗಲಿ, ಬೇಜಾರಿಲ್ಲ. ಈ ಕುಲಾವಿಯನ್ನು ಈಗಲೇ ಹೊಲಿಸಬೇಕು ಅನ್ನುವುದೇ ನನ್ನ ವಾದ. ಕೂಸು ಬೀದಿಗೆ ಬಂದ ಮೇಲೆ ನಮ್ಮವರು ಹೊಲಿದದ್ದು ಯಾವತ್ತು ಅಳತೆಗೆ ಸರಿಯಾಗಿದೆ ಹೇಳಿ?

ಅವರು ನಗುವುದಕ್ಕೂ ಕಾರಣ ಇದೆ. 2006ರ ರಾಷ್ಟ್ರೀಯ ಹೈಡ್ರೋಜನ್ ಮಾರ್ಗನಕ್ಷೆಯಲ್ಲಿ 2020ರ ಹೊತ್ತಿಗೆ ಹತ್ತು ಲಕ್ಷ ಹೈಡ್ರೋಜನ್ ವಾಹನ ರಸ್ತೆಗಿಳಿಸುವ ಗುರಿ ಇತ್ತು. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಪ್ರೊ. ಓಂಕಾರನಾಥ ಶ್ರೀವಾಸ್ತವ ಅವರ ತಂಡ ಹೈಡ್ರೋಜನ್ ಬೈಕು ಓಡಿಸಿಯೇ ತೋರಿಸಿತ್ತು. 2012ರಲ್ಲಿ ದಿಲ್ಲಿಯ ಪ್ರಗತಿ ಮೈದಾನಕ್ಕೆ ಹೈಡ್ರೋಜನ್ ರಿಕ್ಷಾಗಳು ಬಂದವು. ಎಷ್ಟು? 15. ಹತ್ತು ಲಕ್ಷ ಎಲ್ಲಿ, ಹದಿನೈದು ಎಲ್ಲಿ!

ಆದರೆ ಈ ಸಲ ದುಡ್ಡು ನಿಜವಾಗಿಯೂ ಬಂದಿದೆ. 2023ರ ಜನವರಿಯಲ್ಲಿ ಹಸಿರು ಹೈಡ್ರೋಜನ್ ಮಿಷನ್‌ಗೆ 19,744 ಕೋಟಿ ರೂಪಾಯಿ ಮಂಜೂರಾಯಿತು. 2025ರ ಮಾರ್ಚ್‌ನಲ್ಲಿ 37 ಬಸ್ಸು-ಲಾರಿ, 9 ಪಂಪುಗಳ ಪ್ರಾಯೋಗಿಕ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಆ ಮಾರ್ಗಗಳಲ್ಲಿ ನಮ್ಮ ಪುಣೆ–ಮುಂಬೈಯೂ ಒಂದು. ಜಪಾನಿನಲ್ಲಿ ಹೋಂಡಾ, ಯಮಾಹಾ, ಸುಜುಕಿ, ಕವಾಸಾಕಿ ಈ ನಾಲ್ಕೂ ಕಂಪನಿಗಳು ಜಗಳ ಬದಿಗಿಟ್ಟು, ಸಣ್ಣ ಗಾಡಿಗಳ ಹೈಡ್ರೋಜನ್ ಎಂಜಿನ್ನಿಗಾಗಿ 2023ರಲ್ಲಿ ಒಂದು ಸಂಘವನ್ನೇ ಕಟ್ಟಿಕೊಂಡಿವೆ. ನಾಲ್ಕೂ ನಮ್ಮ ಬೀದಿಯಲ್ಲಿ ಮಾರಾಟವಾಗುವ ಹೆಸರುಗಳೇ. ದೊಡ್ಡ ಗಾಡಿ ಮೊದಲು ಬರುತ್ತದೆ, ಸಣ್ಣದು ಹಿಂದೆ.

ಈಗ ಟ್ಯಾಂಕಿನ ಮಾತು. ನಮ್ಮ ಕಾರಿನ ಟಯರಿನಲ್ಲಿ ಸುಮಾರು 2 ಬಾರ್ ಒತ್ತಡ. ಸಿಎನ್‌ಜಿ ಸಿಲಿಂಡರಿನಲ್ಲಿ 200. ಟೊಯೋಟಾ ಮಿರಾಯ್‌ನಂಥ ಹೈಡ್ರೋಜನ್ ಕಾರಿನಲ್ಲಿ 700! ಆ ಟ್ಯಾಂಕು ಉಕ್ಕಿನದಲ್ಲ. ಒಳಗೆ ಪ್ಲಾಸ್ಟಿಕ್ ಚೀಲದಂಥದ್ದು, ಮೇಲೆ ಕಾರ್ಬನ್ ನಾರಿನ ಸುತ್ತು. ಉಕ್ಕಿಗೆ ಪೆಟ್ಟು ಬಿದ್ದರೆ ತಗ್ಗು ಕಾಣುತ್ತದೆ. ನಾರಿಗೆ ಬಿದ್ದ ಪೆಟ್ಟು ಒಳಗೇ ಉಳಿದುಬಿಡಬಹುದು, ಮೇಲೆ ನೋಡಿದರೆ ಏನೂ ಇಲ್ಲ. ಕಾರು ಸುಮ್ಮನೆ ನಿಂತಲ್ಲಿ ಬೀಳುವುದಿಲ್ಲ, ಬೈಕು ಬೀಳುತ್ತದೆ. ಪಾರ್ಕಿಂಗಿನಲ್ಲಿ ಒಂದು ಬಿದ್ದರೆ ಸಾಲಾಗಿ ಹತ್ತು ಬೀಳುವುದನ್ನು ಯಾರು ನೋಡಿಲ್ಲ?

ಹೈಡ್ರೋಜನ್ನಿಗೆ ವಾಸನೆಯಿಲ್ಲ. ಸಿಎನ್‌ಜಿಗೆ ಬೆರೆಸುವಂತೆ ಗಂಧಕದ ವಾಸನೆ ಬೆರೆಸಿದರೆ ಫ್ಯೂಯಲ್ ಸೆಲ್ಲೇ ಕೆಡುತ್ತದೆ. ನಮ್ಮ ಗ್ಯಾರೇಜಿನ ಹುಡುಗರಿಗೆ ಗ್ಯಾಸ್ ಸೋರಿಕೆ ಹಿಡಿಯುವ ಮೊದಲ ಉಪಕರಣ ಮೂಗು. ಅದು ಇಲ್ಲಿ ದಂಡ. ಮೀಥೇನ್ ಗಾಳಿಯಲ್ಲಿ ಸುಮಾರು 5ರಿಂದ 15 ಶೇಕಡಾ ಬೆರೆತಾಗ ಹೊತ್ತಿಕೊಂಡರೆ, ಹೈಡ್ರೋಜನ್ 4ರಿಂದ 75ರವರೆಗೂ ಹೊತ್ತಿಕೊಳ್ಳುತ್ತದೆ. ಹಗಲಿನಲ್ಲಿ ಉರಿ ಕಣ್ಣಿಗೆ ಕಾಣುವುದೇ ಕಷ್ಟ. ಹಗುರ ಅನಿಲ, ಬಯಲಿನಲ್ಲಿ ಕ್ಷಣದಲ್ಲಿ ಮೇಲೆ ಹಾರಿಹೋಗುತ್ತದೆ, ಒಳ್ಳೆಯದೇ. ತಗಡಿನ ಚಾವಣಿಯ ಗ್ಯಾರೇಜಿನೊಳಗೆ ಎಲ್ಲಿಗೆ ಹಾರಬೇಕು?

ಹಾಗಾದರೆ ಕಾನೂನೇ ಇಲ್ಲವೇ? ಇದೆ ಸ್ವಾಮಿ, ಹುಟ್ಟಿಗೆ ಬೇಕಾದಷ್ಟಿದೆ. ಫ್ಯೂಯಲ್ ಸೆಲ್ ಗಾಡಿಗಳಿಗೆ ಎಐಎಸ್-157 ಅನ್ನುವ ಮಾನದಂಡ 2020ರಲ್ಲೇ ಅಧಿಸೂಚನೆಯಾಯಿತು. ಅದನ್ನು ಪ್ರಕಟಿಸಿದ ಎಆರ್‌ಎಐ ಇದೇ ಪುಣೆಯ ಗುಡ್ಡದ ಮೇಲಿದೆ. ದ್ವಿಚಕ್ರ, ತ್ರಿಚಕ್ರಗಳಿಗಾಗಿಯೇ ವಿಶ್ವಸಂಸ್ಥೆಯ 146ನೇ ನಿಯಮ 2019ರಿಂದ ಇದೆ. ಕಾರ್ಖಾನೆಯಲ್ಲಿ ಆ ಟ್ಯಾಂಕಿಗೆ ಬೆಂಕಿ ಹಚ್ಚಿ, ಬೀಳಿಸಿ, ಆಸಿಡ್ ಸುರಿದು ಪರೀಕ್ಷೆ ಮಾಡುತ್ತಾರೆ. ನನ್ನ ತಕರಾರು ಹುಟ್ಟಿನ ಬಗ್ಗೆ ಅಲ್ಲ, ಬಾಳುವೆಯ ಬಗ್ಗೆ.

ನಮ್ಮ ದೇಶದಲ್ಲಿ ಬಾಡಿಗೆ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಫಿಟ್‌ನೆಸ್ ಪರೀಕ್ಷೆ. ಸ್ವಂತ ಸ್ಕೂಟರಿಗೆ? ರಿಜಿಸ್ಟ್ರೇಷನ್ 15 ವರ್ಷ, ನಡುವೆ ಫಿಟ್‌ನೆಸ್ ಅಂತ ಯಾರೂ ಕರೆಯುವುದಿಲ್ಲ. ಈಗ ಇನ್ನೊಂದು ಲೆಕ್ಕ ನೋಡಿ. ಹೈಡ್ರೋಜನ್ ಟ್ಯಾಂಕಿಗೆ 2013ರ ಜಾಗತಿಕ ನಿಯಮ ಕೊಟ್ಟ ಗರಿಷ್ಠ ಆಯುಸ್ಸು ಎಷ್ಟು? ಅದೂ 15 ವರ್ಷ! (2023ರಲ್ಲಿ ಅದನ್ನು 25ರವರೆಗೆ ಹಿಗ್ಗಿಸಿದರು, ಅದು ಬೇರೆ ಮಾತು.) ಅಂದರೆ ಆರ್‌ಟಿಓ ಇನ್‌ಸ್ಪೆಕ್ಟರು ಅಂಥ ಟ್ಯಾಂಕಿನ ಮುಖ ಮೊದಲ ಸಲ ನೋಡುವುದು ಅದರ ಆಯುಸ್ಸು ಮುಗಿದ ದಿನ. ಇದನ್ನು ತಪಾಸಣೆ ಅನ್ನುತ್ತಾರೋ ಪೋಸ್ಟ್‌ಮಾರ್ಟಮ್ ಅನ್ನುತ್ತಾರೋ?

ಬ್ಯಾಂಕಿನಲ್ಲಿ ನಮ್ಮ ಗಿರಾಕಿ ಎಷ್ಟೇ ಸಾಧುವಾಗಿರಲಿ, ಹತ್ತು ವರ್ಷಕ್ಕೊಮ್ಮೆಯಾದರೂ ಅವನ ಕೆವೈಸಿ ಹೊಸದು ಮಾಡಲೇಬೇಕು. ರಿಸ್ಕ್ ಜಾಸ್ತಿ ಅನಿಸಿದರೆ ಎರಡು ವರ್ಷಕ್ಕೇ. ಎಂಬತ್ತು ದಾಟಿದ ಪಿಂಚಣಿದಾರರನ್ನು ಕೌಂಟರಿಗೆ ಕರೆಸಿ "ನೀವು ನೀವೇನಾ" ಅಂತ ಕೇಳುವ ದೇಶ ಇದು. 700 ಬಾರ್ ಟ್ಯಾಂಕಿಗೆ ಮಾತ್ರ ಅಷ್ಟೊಂದು ನಂಬಿಕೆ.

"ಸಿಲಿಂಡರ್ ಪರೀಕ್ಷೆಗೆ ಬೇರೆ ಕಾನೂನಿದೆಯಲ್ಲ" ಅನ್ನಬಹುದು. ಸಿಎನ್‌ಜಿ ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಬಿಚ್ಚಿ, ನೀರು ತುಂಬಿ ಒತ್ತಡ ಕೊಟ್ಟು ಪರೀಕ್ಷಿಸಬೇಕು, ಹೊಸ ಪ್ಲೇಟ್ ಹಾಕಬೇಕು. ನಿಯಮ ಬಂಗಾರದಂಥದ್ದು. ನಾನು ನನ್ನ ಕಾರನ್ನು ಒಂದು ಕಡೆ ಒಯ್ದಾಗ ಅಲ್ಲಿದ್ದವನು "ಖೋಲ್ನೇ ಕೀ ಕ್ಯಾ ಜರೂರತ್ ಸಾಹೇಬ್, ಪ್ಲೇಟ್ ಬನಾ ದೇತಾ ಹ್ಞೂಂ" ಅಂದ. ಬಿಚ್ಚಲೇಬೇಕು ಅಂತ ಪಟ್ಟು ಹಿಡಿದಿದ್ದಕ್ಕೆ ನನ್ನನ್ನೇ ವಿಚಿತ್ರ ಪ್ರಾಣಿಯ ಹಾಗೆ ನೋಡಿದ, ಅರ್ಧ ದಿನ ಕೂರಿಸಿದ. ಆಮೇಲೆ ಮೂರು ವರ್ಷದಲ್ಲಿ ಪಂಪಿನ ಹುಡುಗ ಆ ಪ್ಲೇಟನ್ನು ಬಗ್ಗಿ ನೋಡಿದ್ದು ಒಂದೋ ಎರಡೋ ಸಲ. ಗಾಡಿ ನೋಡುವ ಇಲಾಖೆ ಒಂದು, ಸಿಲಿಂಡರ್ ನೋಡುವ ಪೆಸೋ ನಾಗಪುರದಲ್ಲಿ, ಅದು ಇನ್ನೊಂದು ಮಂತ್ರಾಲಯದ ಕೆಳಗೆ. ಇಬ್ಬರು ಹೆಂಡಿರ ಮನೆಯ ಅಡುಗೆ!

ಸರ್ವೀಸಿಂಗಿನ ಕೈ ಎಷ್ಟು ಮುಖ್ಯ ಅನ್ನುವುದಕ್ಕೆ ನಾರ್ವೆಗೆ ಹೋಗಿ ಬರೋಣ. 2019ರ ಜೂನ್‌ನಲ್ಲಿ ಓಸ್ಲೋ ಪಕ್ಕದ ಸಾಂಡ್‌ವಿಕಾದಲ್ಲಿ ಹೈಡ್ರೋಜನ್ ಪಂಪ್ ಸ್ಫೋಟಿಸಿತು. ತನಿಖೆಯಲ್ಲಿ ಕಂಡದ್ದೇನು? ಅಧಿಕ ಒತ್ತಡದ ಟ್ಯಾಂಕಿನ ಪ್ಲಗ್ಗಿನ ಬೋಲ್ಟುಗಳನ್ನು ಜೋಡಿಸುವಾಗ ಸರಿಯಾಗಿ ಬಿಗಿದಿರಲಿಲ್ಲ. ಅಷ್ಟು ಶಿಸ್ತಿನ ದೇಶದಲ್ಲೇ ಸ್ಪ್ಯಾನರ್ ಹಿಡಿದ ಕೈ ತಪ್ಪಿತು. ಇಲ್ಲಿ ಹೈಡ್ರೋಜನ್ ಗಾಡಿಯನ್ನು ಯಾವ ಮೆಕ್ಯಾನಿಕ್ ಮುಟ್ಟಬಹುದು, ಯಾವ ತರಬೇತಿ ಇರಬೇಕು, ಗ್ಯಾರೇಜಿನ ಚಾವಣಿಯಲ್ಲಿ ಅನಿಲ ಪತ್ತೆ ಮಾಡುವ ಸೆನ್ಸರ್ ಇರಬೇಕೋ ಬೇಡವೋ, ಇದನ್ನು ಗಾಡಿ ಬರುವ ಮುಂಚೆ ಬರೆಯದೆ ಯಾವಾಗ ಬರೆಯುತ್ತಾರೆ? ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕುವುದಕ್ಕೋ?

ಜಪಾನಿನವರಿಗೂ ಎರಡು ಇಲಾಖೆಯ ಇದೇ ತಲೆನೋವಿತ್ತು. ಗಾಡಿಗೆ ಶಾಕೆನ್ ಅನ್ನುವ ತಪಾಸಣೆ ಒಂದು ಕಾನೂನಿನಲ್ಲಿ, ಟ್ಯಾಂಕಿನದು ಅಧಿಕ ಒತ್ತಡದ ಅನಿಲದ ಕಾನೂನಿನಲ್ಲಿ. 2023ರ ಡಿಸೆಂಬರ್‌ನಲ್ಲಿ ಹೈಡ್ರೋಜನ್ ಕಾರುಗಳ ಮಟ್ಟಿಗೆ ಎರಡನ್ನೂ ಒಂದು ಮಾಡಿದರು. ಹಾಗಂತ ಅದನ್ನೇ ಕಾಪಿ ಹೊಡೆಯಬಾರದು, ಯಾಕೆಂದರೆ ಅಲ್ಲಿ 250 ಸಿಸಿವರೆಗಿನ ಬೈಕಿಗೆ ಶಾಕೆನ್ನೇ ಇಲ್ಲ. ನಮ್ಮಲ್ಲಿ ಓಡುವುದರಲ್ಲಿ ಬಹುಪಾಲು ಅಂಥ ಸಣ್ಣ ಬೈಕುಗಳೇ.

ಇನ್ಶೂರೆನ್ಸ್ ರಿನ್ಯೂವಲ್‌ಗೆ ಕಟ್ಟಿಹಾಕೋಣವೆಂದರೆ, 2018ರಿಂದ ಹೊಸ ದ್ವಿಚಕ್ರಕ್ಕೆ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಐದು ವರ್ಷದ್ದು. ಆ ಗೂಟವೂ ದೂರ. ಉಳಿದ ಗಟ್ಟಿ ಗೂಟ ಪಂಪಿನ ನಳಿಕೆ. ಊಟಕ್ಕೆ ಬಾರದೆ ಗಾಡಿ ಎಲ್ಲಿಗೆ ಹೋಗುತ್ತದೆ? ಟ್ಯಾಂಕಿನ ನಂಬರು, ಕಡೆಯ ಪರೀಕ್ಷೆಯ ತಾರೀಖು, ಆಯುಸ್ಸು ಮುಗಿಯುವ ತಾರೀಖು ಮೂರನ್ನೂ ವಾಹನ್ ಪೋರ್ಟಲ್ಲಿಗೆ ಹಾಕಿ, ತಾರೀಖು ಮೀರಿದ್ದರೆ ಪಂಪೇ ತೆರೆಯದಂತೆ ಮಾಡಲಿ. ಹುಡುಗ ಬಗ್ಗಿ ನೋಡುವ ಪ್ರಮೇಯವೇ ಬೇಡ. ಆರ್‌ಸಿಯಲ್ಲಿ ನಮ್ಮ ಬ್ಯಾಂಕಿನ ಸಾಲದ ಹೈಪಾಥಿಕೇಷನ್ ನಮೂದಿಸಲು ಜಾಗ ಇದೆಯಲ್ಲ, ಅದರ ಕೆಳಗೆ ಇನ್ನೊಂದು ಸಾಲು ಹಿಡಿಯುವುದಿಲ್ಲವೇ? ಸೆಕೆಂಡ್ ಹ್ಯಾಂಡ್ ಕೊಳ್ಳುವವನಿಗೂ, ಅದಕ್ಕೆ ಸಾಲ ಕೊಡುವ ನಮ್ಮಂಥವರಿಗೂ ಟ್ಯಾಂಕಿನ ವಯಸ್ಸು ಗೊತ್ತಾಗುತ್ತದೆ.

"ಮತ್ತೊಂದು ಕ್ಯೂ, ಮತ್ತೊಬ್ಬ ಏಜೆಂಟು" ಅಂತ ಗೊಣಗುವವರಿಗೆ ನನ್ನ ಸಹಾನುಭೂತಿ ಇದೆ, ನಾನೂ ಕ್ಯೂನಲ್ಲಿ ನಿಂತವನೇ. ಅದಕ್ಕೇ ಒಂದೇ ಕಡೆ, ಒಂದೇ ದಿನ, ಗಾಡಿ-ಟ್ಯಾಂಕು ಎರಡನ್ನೂ ನೋಡಿ ಅಂತಿರೋದು. ಸಾರಿಗೆ ಮಂತ್ರಾಲಯದ ಕರಡು ಅಧಿಸೂಚನೆಗೆ ಆಕ್ಷೇಪಣೆ ಕಳಿಸಲು ಸಾಮಾನ್ಯವಾಗಿ 30 ದಿನ ಕೊಡುತ್ತಾರೆ. ಮುಂದಿನ ಕರಡು ಬಂದ ದಿನ ನಾನು ಬರೆಯುವವನೇ. ಎಕ್ಸ್‌ಪ್ರೆಸ್ ವೇ ಆ ತುದಿಯ ಮುಂಬೈ ಕನ್ನಡಿಗರೂ ಒಂದೊಂದು ಪತ್ರ ಹಾಕಿ.